ಗೊಂಬೆ ಮೆಟ್ಟಿಲಿನ ಹಲಗೆ

೬ ಸೆಪ್ಟೆಂಬರ್ ೨೦೨೫, ಶನಿವಾರ, ಬೆಳಿಗ್ಗೆ

ನಾನೇ ಮಾಡುತ್ತಿರುವ ಶೆಲ್ಫಿನ ಎರಡನೇ ಕೋಟ್ ವಾರ್ನಿಷ್ ಒಣಗುತ್ತಿದೆ. ಬಾಲ್ಕನಿಯಲ್ಲಿ ಕಾಲಿಡಲು ಜಾಗವಿಲ್ಲ. ಇಷ್ಟನ್ನೇ ಬರೆದು ಮುಗಿಸುವವಳಿದ್ದೆ.

ಆದರೆ — ಶೆಲ್ಫಿನ ಹಲಗೆಗಳು ಅಂಗಡಿಯಿಂದ ತಂದವಲ್ಲ. ಅಮ್ಮನ ಮನೆಯ ಗೊಂಬೆ ಮೆಟ್ಟಿಲು. ದಸರೆಗೆ ಗೊಂಬೆ ಕೂರಿಸುತ್ತಿದ್ದ ಏಳು ತೇಗದ ಹಲಗೆ. ನಿನ್ನೆ ತಂಗಿ ಸ್ಮೃತಿ ಕೆಂಗೇರಿಯಿಂದ ಫೋನ್ ಮಾಡಿ ಅವನ್ನೇ ಕೇಳಿದಳು. ಗೆದ್ದಲು ತಿಂದುಹಾಕಿತು ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ.

"ಹೋಗ್ಲಿ ಬಿಡೇ ಅಕ್ಕಾ. ಗೆದ್ದಲಿಗೂ ಹಬ್ಬ ಆಗ್ಬೇಕಲ್ವಾ" ಎಂದಳು. ನನಗೆ ದುಃಖವಾಗಿದೆ ಎಂದುಕೊಂಡಳು.

೭ ಸೆಪ್ಟೆಂಬರ್, ಭಾನುವಾರ

ಕುಯ್ಯಿಸಿದ್ದು ಆಗಸ್ಟಿನಲ್ಲಿ, ನಾಯಂಡಹಳ್ಳಿಯ ಅಮೀನಪ್ಪನವರ ವರ್ಕ್‌ಶಾಪಿನಲ್ಲಿ. ಬಡಗಿ ಅವರು. ಹಲಗೆ ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಅಪ್ಪ ಬರೆದ ನಂಬರು, ಒಂದರಿಂದ ಏಳು.

"ಗೊಂಬೆ ಮೆಟ್ಲಲ್ವಾ ಮೇಡಂ ಇದು? ಹಳೇ ತೇಗ. ಗೆದ್ಲು ಮೂಸೂ ನೋಡಲ್ಲ."

"ಕುಯ್ಯಿರಿ. ನಮ್ಮನೇಲಿ ಯಾರೂ ಕೂರ್ಸಲ್ಲ."

"ನೋಡಿ ಮತ್ತೆ. ಐದಡೀನ ಮೂರಡಿ ಮಾಡ್ತೀನಿ. ಮೂರಡೀನ ಐದಡಿ ಮಾಡೋ ವಿದ್ಯೆ ನಮ್ಮಪ್ಪ ಹೇಳ್ಕೊಟ್ಟಿಲ್ಲ."

ನಕ್ಕೆ. ಮನೆಗೆ ತಂದು ಆ ನಂಬರುಗಳನ್ನು ನಾನೇ ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಮೊದಲು ಒರಟು ಪೇಪರು, ಆಮೇಲೆ ನಯ. ಆ ಕೆಲಸ ಇಷ್ಟವಾಗಿತ್ತು. ಈಗ ನೆನೆಯಲು ಕಷ್ಟವಾಗುವುದು ಅದೇ.

ಯಾಕೆ ಕುಯ್ಯಿಸಿದೆ? ಅಟ್ಟದಲ್ಲಿ ಜಾಗವಿಲ್ಲವೆಂದೇ? ಅಮ್ಮ ಹೋಗುವ ಮೊದಲು ಗೊಂಬೆಯನ್ನೆಲ್ಲ ಸ್ಮೃತಿಗೆ ಕೊಟ್ಟಳು, ಪಟ್ಟದ ಗೊಂಬೆ ಸಮೇತ. ದೊಡ್ಡವಳು ನಾನು. ನನಗೆ ಬರೀ ಮೆಟ್ಟಿಲು. ಮೂರು ವರ್ಷ ಅವು ಕಣ್ಣಿಗೆ ಬಿದ್ದಾಗಲೆಲ್ಲ...

೧೪ ಸೆಪ್ಟೆಂಬರ್, ಭಾನುವಾರ

ಶೆಲ್ಫ್ ಗೋಡೆ ಏರಿದೆ. ಎಡಕ್ಕೆ ಒಂದಿಷ್ಟು ವಾಲಿದೆ, ನನಗೆ ಮಾತ್ರ ಕಾಣುವಷ್ಟು.

ಮಧ್ಯಾಹ್ನ ಸ್ಮೃತಿ ಬಂದಳು, ಹೇಳದೆ ಕೇಳದೆ. "ಯಾರ್ ಮಾಡಿದ್ದೇ ಇದು? ನೀನಾ? ಒಂದು ಮೊಳೆ ಹೊಡಿ ಅಂದ್ರೆ ಹೆಬ್ಬೆರಳು ಜಜ್ಕೊಳ್ತಿದ್ದೋಳು!" ಹಲಗೆಯ ಮೇಲೆ ಕೈಯಾಡಿಸಿದಳು. ನಾನು ಕಾಫಿ ನೆಪದಲ್ಲಿ ಒಳಗೆ ಹೋದೆ.

ಅಲ್ಲಿಗೂ ಬಂದಳು. "ಈ ಸಲಾನೂ ಸ್ಟೀಲ್ ಸ್ಟ್ಯಾಂಡ್ ಬಾಡಿಗೆಗೆ ತರ್ತೀನಿ. ಮುಂದಿನ ವರ್ಷಕ್ಕೆ ಮೆಟ್ಟಿಲು ನೀನೇ ಮಾಡ್ಕೊಡ್ಬೇಕು. ಗೊಂಬೆ ನಂಗೆ, ಮೆಟ್ಟಿಲು ನಿಂಗೆ. ಅಮ್ಮ ಬೇಕಂತ್ಲೇ ಹಂಗೆ ಹಂಚಿದ್ದು ಕಣೇ, ಇಬ್ಬರೂ ಒಟ್ಟಿಗೆ ಕೂರಿಸ್ಲಿ ಅಂತ. ನಿಂಗೆ ಹೇಳಿರ್ಲಿಲ್ವಾ?"

ಹಾಲು ಉಕ್ಕಿತು. ಒರೆಸುತ್ತ ನಿಂತೆ.

ಹೇಳಿರಲಿಲ್ಲ. ಅಥವಾ ಹೇಳಿದ್ದಳೇ, ನಾನೇ ಕೇಳಿಸಿಕೊಳ್ಳಲಿಲ್ಲವೇ? ಪ್ರತಿ ದಸರೆಗೂ ಸ್ಮೃತಿ ಕರೆದಿದ್ದಳು. ಆಫೀಸ್ ಇದೆ, ಮುಂದಿನ ಸಲ ನೋಡೋಣ ಎಂದವಳು ನಾನು.

ಎದುರಿಗೇ ಇದ್ದಳು. ಆಗಲೂ ನಾನು ನಿಜ ಹೇಳಲಿಲ್ಲ.

೨೦ ಸೆಪ್ಟೆಂಬರ್, ಶನಿವಾರ, ಸಂಜೆ

ಕಾಗದ ಬರೆದೆ. ಫೋನಿನಲ್ಲಾದರೆ ಮಧ್ಯೆ ಬಾಯಿ ಹಾಕಿ ಕ್ಷಮಿಸಿಬಿಡುತ್ತಾಳೆ. ಪೂರ್ತಿ ತಿಳಿದ ಮೇಲೆ ಕ್ಷಮಿಸಲಿ, ಇಲ್ಲವೇ ಬಿಡಲಿ.

"ಸಾರಿ" ಎಂದು ಶುರು ಮಾಡಿದ್ದೆ. ಹೊಡೆದುಹಾಕಿದೆ. ಬಸ್ಸಿನಲ್ಲಿ ಕಾಲು ತುಳಿದರೂ ಅದನ್ನೇ ಅನ್ನುತ್ತೇವೆ. ಈಗ ಮೊದಲ ಸಾಲು ಹೀಗಿದೆ: "ಮೆಟ್ಟಿಲನ್ನು ನಾನೇ ಕುಯ್ಯಿಸಿದೆ, ಗೊಂಬೆ ನಿನಗೆ ಹೋಯಿತೆಂಬ ಹೊಟ್ಟೆಕಿಚ್ಚಿಗೆ."

ಕವರ್ ಅಂಟಿಸಿ ಆಯಿತು. ಸೋಮವಾರ ಅವಳು ಗೊಂಬೆ ಕೂರಿಸುತ್ತಾಳೆ. ಹಬ್ಬದ ನಡುವೆ ಇದು ಅವಳ ಕೈಸೇರಬೇಕೆ? ವಿಜಯದಶಮಿ ಕಳೆಯಲಿ ಎನಿಸುತ್ತದೆ. ಅದು ಅವಳ ಮೇಲಿನ ಕನಿಕರವೋ, ನನ್ನ ಪುಕ್ಕಲುತನವೋ? ದಶಮಿ ಕಳೆದರೆ ದೀಪಾವಳಿ ಬರುತ್ತದೆ. ನನ್ನನ್ನು ನಾನು ಬಲ್ಲೆ.

ನಾಳೆ ಪೋಸ್ಟ್ ಆಫೀಸ್ ರಜ. ನಾಡಿದ್ದು, ಆಫೀಸಿಗೆ ಹೋಗುವ ದಾರಿಯಲ್ಲೇ. ಸೋಮವಾರ, ಸೆಪ್ಟೆಂಬರ್ ೨೨ರಂದೇ ಹಾಕುತ್ತೇನೆ, ದಶಮಿಗೆ ಕಾಯುವುದಿಲ್ಲ.