ಹತ್ತಿರ ಬಂದ ಮಿಂಚುಳ್ಳಿ

ಫೆಬ್ರವರಿ ೧೧, ಭಾನುವಾರ.

ಲೆನ್ಸ್ ವಾಪಸ್ ಕೊಡುವುದಿಲ್ಲ. ಬರೆದಿಟ್ಟಿದ್ದೇನೆ, ಮುಗಿಯಿತು.

ಬದಲಾಯಿಸಿಕೊಳ್ಳಲು ನಾಳೆಯೇ ಕೊನೆಯ ದಿನ. "ಹೊಸಬರಿಗೆ ಚಿಕ್ಕದು ಸಾಕು ಸಾರ್, ಹತ್ತಿರಕ್ಕೂ ಆಗುತ್ತೆ, ದೂರಕ್ಕೂ ಆಗುತ್ತೆ" ಎಂದು ಅಂಗಡಿಯವನು ಕೊಂಡ ದಿನವೇ ಹೇಳಿದ್ದ. ನಾನು ಹೊಸಬನೇ? ಹಳ್ಳಿ ಶಾಲೆಯಲ್ಲಿ ಪಾಠ ಬಿಟ್ಟು ಕಿಟಕಿಯಾಚೆಯ ಹಕ್ಕಿ ನೋಡಿ ಬೆತ್ತದ ಏಟು ತಿಂದವನು! ಅಂಗಡಿಯಲ್ಲಿದ್ದುದರಲ್ಲೇ ಉದ್ದದ್ದನ್ನು, ಕೆರೆಯ ಆಚೆ ದಡದ ಕೊಕ್ಕರೆಯ ಗರಿ ಎಣಿಸುವಂಥದ್ದನ್ನು, ಹೊತ್ತು ತಂದೆ.

ಇವತ್ತು ಬೆಳಿಗ್ಗೆ ಮಿಂಚುಳ್ಳಿ ತಾನಾಗಿಯೇ ಬಂದು ಹಿತ್ತಲಿನ ತೊಟ್ಟಿಯ ಅಂಚಿನಲ್ಲಿ ಕೂತಿತು. ಎಂಥ ನೀಲಿ! ಕೈಚಾಚಿದರೆ ಸಿಗುವಷ್ಟು ಹತ್ತಿರ, ನನ್ನನ್ನೇ ನೋಡುತ್ತಿತ್ತು. ಕ್ಯಾಮೆರಾ ಎತ್ತಿದರೆ ಬರೀ ಮಂಜು. ಅಷ್ಟು ಹತ್ತಿರದ್ದು ಈ ಲೆನ್ಸಿಗೆ ಕಾಣುವುದೇ ಇಲ್ಲವಂತೆ. ಹಿಂದೆ ಹಿಂದೆ ಸರಿದು ಬಚ್ಚಲಿನೊಳಗೇ ಹೊಕ್ಕೆ.

"ರೀ, ಹಕ್ಕಿ ಆಚೆ ಇದೆ, ನೀವ್ಯಾಕೆ ಒಳಗೆ ಬರ್ತೀರಿ?"

ಬಟ್ಟೆ ಒಗೆಯುತ್ತಿದ್ದ ಹೆಂಡತಿಯ ಕೂಗಿಗೆ ಹಕ್ಕಿ ಹಾರಿತು. ಹಿತ್ತಲಲ್ಲೇ ನಿಂತಿದ್ದ ತಂಗಿಯ ಮಗಳ ಫೋನಿನಲ್ಲಿ ಮಾತ್ರ ಅದು ಚೆನ್ನಾಗಿ ಬಂದಿದೆ, ಹಿಂದೆ ಬಚ್ಚಲು ಹೊಗುತ್ತಿರುವ ನನ್ನ ಸಮೇತ. "ಮಾವ, ನಾಳೆ ನಾನೇ ಜೊತೆಗೆ ಬರ್ತೀನಿ, ಚಿಕ್ಕದೇ ತರೋಣ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗಲಿ. ಹಕ್ಕಿ ಹತ್ತಿರ ಬಂದದ್ದು ನನ್ನ ತಪ್ಪೇ? ನಾಳೆ ಅಂಗಡಿಗೆ ಹೋಗುವುದಿಲ್ಲ. ತೊಟ್ಟಿಯನ್ನೇ ಬೇಲಿಯ ತನಕ ಎಳೆದು ಹಾಕುತ್ತೇನೆ. ಕಲ್ಲಿನ ತೊಟ್ಟಿ, ಅಲುಗುತ್ತದೋ ಇಲ್ಲವೋ. ಅಲುಗದಿದ್ದರೆ ಬಚ್ಚಲಿನ ಹಿಂದಿನ ಗೋಡೆಗೆ ಒಂದು ಕಿಂಡಿ ಕೊರೆದು, ಅದರಾಚೆ ನಿಂತು... ಹೆಂಡತಿಗೆ ಇನ್ನೂ ಹೇಳಿಲ್ಲ.