ಜುಹ್ದಿಯ ಹೆಸರಿನ ಕೆಳಗೆ

ಅಲೆಕ್ಸಾಂಡ್ರಿಯಾ
ಶುಕ್ರವಾರ, 14 ನವೆಂಬರ್ 1986

ಅಕ್ಕ ಇಜ್ಲಾಲ್‌ಗೆ ತಮ್ಮನ ಸಲಾಂ,

ನಿನ್ನ ಮಂಡಿನೋವು ಹೇಗಿದೆ? ಭಾವನವರ ರಕ್ತದೊತ್ತಡ ಇಳಿಯಿತೇ? ಉಪ್ಪಿನಕಾಯಿ ಜಾಡಿ ಬಚ್ಚಿಡು, ಆದರೆ ನಾನು ಹೇಳಿದೆನೆಂದು ಮಾತ್ರ ಹೇಳಬೇಡ. ಆಮೇಲೆ ಮನ್ಸೂರಾಕ್ಕೆ ಬಂದರೆ ನನಗೆ ಕಾಫಿಯೂ ಸಿಗದು. ನಾವೆಲ್ಲ ಕ್ಷೇಮ. ಅಭ್ಯಾಸಬಲದಿಂದ ಹಾಗೆ ಬರೆದುಬಿಟ್ಟೆ, ಕ್ಷೇಮವೇನಿಲ್ಲ ಅಕ್ಕ. ಜುಹ್ದಿ ತೀರಿಕೊಂಡ. ತಿಂಗಳ ಮೇಲಾಯಿತು. ಪಾಠ ಮಾಡುತ್ತಿದ್ದವನು ಎದೆನೋವೆಂದು ಕುರ್ಚಿಯಲ್ಲಿ ಕೂತ, ಮತ್ತೆ ಏಳಲಿಲ್ಲ. ನಿನಗೆ ಹೇಗೆ ತಿಳಿಸುವುದೆಂದು ತೋಚದೆ ಇಷ್ಟು ದಿನ ಸುಮ್ಮನಿದ್ದೆ. ಬೈಯಬೇಡ.

ಎರಡು ಸಲ ಫೇಲಾಗಿ ವಿಶ್ವವಿದ್ಯಾಲಯದಲ್ಲಿ ನನ್ನ ತರಗತಿಗೆ ಬಂದು ಸೇರಿದವನು, ಮೊದಲ ವಾರವೇ ನಮ್ಮನೆಗೆ ಊಟಕ್ಕೆ ಬಂದಿದ್ದನಲ್ಲ. ನಿನ್ನ ಮುಲೂಖಿಯ್ಯಾ ಸೊಪ್ಪಿನ ಸಾರು ಮೂರು ಬಟ್ಟಲು ಮುಗಿಸಿ, "ನಿಮ್ಮಕ್ಕನ ಕೈ ಸಾರು ದಿನಾ ಸಿಗೋದಾದ್ರೆ ಇನ್ನೊಂದ್ಸಲಾನೂ ಫೇಲಾಗ್ತೀನಿ ಕಣೋ" ಎಂದಿದ್ದ. ಅಡುಗೆಮನೆಯಲ್ಲಿ ನೀನು ನಕ್ಕದ್ದು ನಮಗೆ ಕೇಳಿಸಿತ್ತು. ಅವನು ನಿನ್ನನ್ನು ಕೇಳಲು ಬಂದ ದಿನ ಅಪ್ಪ ಆಡಿದ ಮಾತು ನೀನೂ ಮರೆತಿರಲಾರೆ. "ಅಪ್ಪ ಇಲ್ಲ, ಅಮ್ಮ ಇಲ್ಲ, ಚಿಕ್ಕಪ್ಪ ಅನ್ನೋನೂ ಇಲ್ಲ. ನಾಳೆ ನೀನು ಸತ್ರೆ ಪೇಪರಲ್ಲಿ ನಿನ್ನ ಹೆಸರಿನ ಕೆಳಗೆ ಯಾರ ಹೆಸರು ಹಾಕಿಸ್ತಾರಪ್ಪಾ?" ಜುಹ್ದಿ ಎದ್ದು ಹೋದ. ಆಮೇಲೆ ಮದುವೆಯನ್ನೇ ಆಗಲಿಲ್ಲ. ಅಂದು ನಾನೂ ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಸಂತಾಪದ ಪೆಂಡಾಲಿನಲ್ಲಿ ಬಂದವರ ಕೈ ಹಿಡಿದುಕೊಳ್ಳಲು ಮನೆಯವರ ಸಾಲು ನಿಲ್ಲಬೇಕಲ್ಲ, ಆ ಸಾಲೆಂದರೆ ನಾನೊಬ್ಬನೇ. ಬಂದವರು ನನ್ನ ಪಕ್ಕದಲ್ಲಿ ಇನ್ನಾರನ್ನೋ ಹುಡುಕಿ ಮುಂದೆ ಹೋಗುತ್ತಿದ್ದರು. ಮೊನ್ನೆ, ಬರುವ ವಾರ ಬೀಳುವ ಅವನ ನಲವತ್ತನೆಯ ದಿನದ ಪ್ರಕಟಣೆ ಕೊಡಲು ಪತ್ರಿಕೆಯ ಕಚೇರಿಗೆ ಹೋದೆ. ಗುಮಾಸ್ತ ಪೆನ್ನು ಹಿಡಿದು, "ಯಾರ ತಂದೆ, ಯಾರ ಅಣ್ಣ, ಯಾರ ಮಾವ? ಹೇಳಿ ಸಾರ್, ಜಾಗ ಬೇಕಾದಷ್ಟಿದೆ" ಎಂದ. ಪಕ್ಕದ ಮೇಜಿನಲ್ಲಿ ಯಾರೋ ತಮ್ಮ ಅಜ್ಜಿಯ ಹೆಸರಿನ ಕೆಳಗೆ ಮೂರು ತಲೆಮಾರಿನ ಬೀಗರನ್ನು ಬರೆಸುತ್ತಿದ್ದರು. ನನಗೆ ಅಪ್ಪನೇ ಎದುರಿಗೆ ಕೂತು ಕೇಳಿದಂತಾಯಿತು. ಏನೋ ಒಂದು ಬರೆಸಿ ಹೊರಗೆ ಬಂದೆ.

ಮಕ್ಕಳ ಹಣೆಗೆ ನನ್ನ ಮುತ್ತು. ಭಾವನವರಿಗೆ ಗೌರವದ ಸಲಾಂ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಮ್ಮ,
ಫಿಕ್ರಿ

ಮತ್ತೆ: ಅಕ್ಕ, ನಾನು ಬರೆಸಿದ್ದು ಇಷ್ಟೇ: "ಫಿಕ್ರಿ ಷಾಹೀನ್ ಅವರ ಭಾವ." ನನಗಿರುವುದು ನೀನೊಬ್ಬಳೇ ಅಕ್ಕ ಎಂದು ಮನ್ಸೂರಾದಲ್ಲಿ ಎಲ್ಲರಿಗೂ ಗೊತ್ತು, ಭಾವನವರು ಬೆಳಿಗ್ಗೆ ಮೊದಲು ಬಿಡಿಸುವುದೇ ಸಾವಿನ ಪುಟ. ನಿನ್ನ ಸಂಸಾರಕ್ಕೆ ನಾನೇ ಕೊಳ್ಳಿಯಿಟ್ಟೆನೆಂದು ಹೆದರಿ ನಿನ್ನೆ ಆ ಸಾಲು ತೆಗೆಸಲು ಓಡಿದೆ. ಗುಮಾಸ್ತ ಚೀಟಿ ನೋಡಿ, "ಇದನ್ನೂ ತೆಗೆದ್ರೆ ಬರೀ ಹೆಸರು ಉಳಿಯುತ್ತೆ ಸಾರ್" ಎಂದ. ಆ ಸಾಲನ್ನು ಹಾಗೇ ಬಿಟ್ಟು ಹಿಂದಿರುಗಿದೆ. ಪ್ರಕಟಣೆ ಗುರುವಾರ ಬರುತ್ತದೆ. ಈ ಪತ್ರ ತರುವ ಪಕ್ಕದ ಮನೆಯ ದೌಲತಮ್ಮ ಸೋಮವಾರ ಇಲ್ಲಿಗೆ ವಾಪಸಾಗುತ್ತಾರೆ. ಬೇಡವೆಂದರೆ ಅವರ ಕೈಯಲ್ಲಿ ಒಂದು ಚೀಟಿ ಕಳಿಸು, ತೆಗೆಸುತ್ತೇನೆ. ಅವರು ಬರಿಗೈಯಲ್ಲಿ ಬಂದರೆ ಹಾಗೇ ಇರಲು ಬಿಡುತ್ತೇನೆ.