ಬಣ್ಣ ನುಂಗಿದ ಸಣ್ಣ ಎಲಿ

ಯಮುನಾಕಾಕಿ,

ನೀ ತೀರಿಹೋಗಿ ಎರಡು ವರ್ಷ ಆತು. ಆದ್ರೂ ಇವತ್ತು ಲ್ಯಾಬಿನ್ಯಾಗ ಕಂಡದ್ದನ್ನ ಮೊದಲು ನಿನಗ ಹೇಳಬೇಕು ಅನಿಸ್ತು.

ಒಂದೇ ದಿನ ಬಿತ್ತಿದ ಎರಡು ಮಡಿಯ ಪಾಲಕ್ ಬಂದಿತ್ತು. ಒಂದಕ್ಕ ಯೂರಿಯಾ ಭಾಳ ಹಾಕಿದ್ರು, ಇನ್ನೊಂದಕ್ಕ ಕಡಿಮಿ. ಎರಡನ್ನೂ ಸಮ ತೂಗಿ, ಆಮ್ಲದಾಗ ಅರೆದು, ಸೋಸಿದ ರಸಕ್ಕ ನೀಲಿ ಬಣ್ಣ ಹನಿಹನಿಯಾಗಿ ಬಿಟ್ಟೆ. ವಿಟಮಿನ್ ಸಿ ಇರೋತನಕ ಆ ಬಣ್ಣ ಮಾಯ ಆಗ್ತೈತಿ, ಅದು ತೀರಿದ ಮ್ಯಾಲ ಆಮ್ಲದಾಗ ಬಿದ್ದ ನೀಲಿ ಗುಲಾಬಿ ಆಗಿ ರಸದಾಗ ನಿಲ್ತೈತಿ.

ಯೂರಿಯಾ ಉಂಡ ದೊಡ್ಡ ಎಲಿಯ ರಸ ಲಗೂನ ಗುಲಾಬಿ ಆತು. ಸಣ್ಣ ಎಲಿದು ಮಾತ್ರ ಬಣ್ಣ ನುಂಗಕೋತನ ಹೋತು. ಬಾಜೂಕ ನಿಂತಿದ್ದ ಲ್ಯಾಬಿನ ಗೆಳತಿ ನಿಖಿತಾ, "ದೀಪ್ತಿ, ಇದರ ಹೊಟ್ಟಿ ತುಂಬೂದ ಇಲ್ಲೇನ?" ಅಂದಳು. ನಾ ಮತ್ತೊಂದು ಹನಿ ಬಿಟ್ಟೆ, ಅದೂ ಮಾಯ. ಅಂಗೈಯಷ್ಟೂ ಇಲ್ಲದ ಎಲಿ, ಅದರಾಗ ಇಷ್ಟು!

ಆವಾಗ ಬಾಲಾನಗರದ ನಿನ್ನ ಮನಿ ಮಾಳಿಗಿ ಮ್ಯಾಲ ನೀ ಬೆಳೆದ ಪಾಲಕ್ ನೋಡಿ, ನಾ "ಬಡಕಲ ಎಲಿ" ಅಂತ ನಕ್ಕು, ನೀ ಬ್ಯಾಡಂದ್ರೂ ಯೂರಿಯಾ ಸುರುವಿದ್ದೆ. "ಅದರ ಪಾಡಿಗೆ ಬೆಳೀಲಿ ಬಿಡವಾ" ಅಂದಿದ್ದಿ. ಎಲಿ ದೊಡ್ಡವಾದ್ವು, ನಾನು ಬೀಗಿದೆ. ಆಮ್ಯಾಲ ನೀ ಪಾಲಕ್ ಬಿತ್ತಲೇ ಇಲ್ಲ. ಯಾಕಂತ ನಾ ಕೇಳಲಿಲ್ಲ.